ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ: ಉಜ್ಜಿದರೂ ಬಿಡದ ಬಾಯಿ ವಾಸನೆ

ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ಬಾಯಿ ವಾಸನೆಗೆ ಸಂಬಂಧಿಸಿದವೇ. ಹೆಚ್ಚಿನವರು ಕೇಳಿರುವುದು ಯಾವ ಮೌತ್‌ವಾಶ್ ಒಳ್ಳೆಯದು ಎಂದು. ಅದಕ್ಕೂ ಮೊದಲು ತಿಳಿಯಬೇಕಾದದ್ದು ವಾಸನೆ ಹುಟ್ಟುತ್ತಿರುವ ಜಾಗ ಯಾವುದು ಎಂಬುದು. ಜಾಗ ತಿಳಿಯದೆ ಏನು ಹಾಕಿ ಮುಕ್ಕಳಿಸಿದರೂ ಅದು ಒಂದೆರಡು ಗಂಟೆಯ ಮಾತು. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತೇನೆ, ಹುಳುಕು ಹಲ್ಲು ಒಂದೂ ಇಲ್ಲ. ಆದರೂ ಹತ್ತಿರ ಕೂತು ಮಾತಾಡಿದರೆ ವಾಸನೆ ಬರುತ್ತದೆ ಎಂದು ಪತ್ನಿ ಹೇಳುತ್ತಾಳೆ. ಹೊಟ್ಟೆ ಕೆಟ್ಟಿರಬೇಕು ಅಂದುಕೊಂಡು ಮೂರು ತಿಂಗಳು ಅಸಿಡಿಟಿ ಮಾತ್ರೆ ನುಂಗಿದೆ. ಏನೂ ಉಪಯೋಗವಾಗಲಿಲ್ಲ.

ಉತ್ತರ: ಹೊಟ್ಟೆಯನ್ನು ದೂರುವವರು ಬಹಳ ಮಂದಿ. ಆದರೆ ಅನ್ನನಾಳ ಸದಾ ತೆರೆದಿರುವ ಕೊಳವೆಯಲ್ಲ. ನುಂಗುವಾಗ, ತೇಗುವಾಗ ತೆರೆದುಕೊಳ್ಳುತ್ತದೆ; ಉಳಿದ ಹೊತ್ತು ಅದರ ಎರಡೂ ತುದಿಗಳು ಬಿಗಿದುಕೊಂಡಿರುತ್ತವೆ. ಹಾಗಾಗಿ ಹೊಟ್ಟೆಯೊಳಗಿನ ಗಾಳಿ ಪ್ರತಿ ಉಸಿರಿಗೂ ಮೇಲೆ ಬರುವುದಿಲ್ಲ. ಹುಳಿತೇಗು, ಎದೆಯುರಿ ತೀರಾ ಹೆಚ್ಚಿರುವವರಲ್ಲಿ ಅದರದೂ ಒಂದು ಪಾಲು ಇರಬಹುದು. ನಿಮ್ಮ ಪತ್ರದಲ್ಲಿ ಆ ತೊಂದರೆಯ ಮಾತೇ ಇಲ್ಲ. ಬಿಡದೆ ಕಾಡುವ ಬಾಯಿ ವಾಸನೆಯಲ್ಲಿ ಹತ್ತಕ್ಕೆ ಎಂಟು-ಒಂಬತ್ತು ಮಂದಿಗೆ ಮೂಲ ಬಾಯಿಯೊಳಗೇ ಇರುತ್ತದೆ.

ನಿಮ್ಮ ವಿಷಯದಲ್ಲಿ ನಾನು ಮೊದಲು ನೋಡುವುದು ನಾಲಿಗೆಯ ಹಿಂಭಾಗ. ನಾಲಿಗೆಯ ಮೇಲ್ಮೈ ದಪ್ಪ ಕಂಬಳಿಯ ಹಾಗೆ ಎಳೆ ಎಳೆಯಾಗಿದೆ. ಮುಂಭಾಗ ಅಂಗುಳಕ್ಕೆ, ಹಲ್ಲಿಗೆ ಉಜ್ಜಿಕೊಂಡು ತಾನೇ ಸ್ವಚ್ಛವಾಗುತ್ತದೆ. ಹಿಂಭಾಗಕ್ಕೆ ಆ ಉಜ್ಜಾಟವಿಲ್ಲ. ಉದುರಿದ ಜೀವಕೋಶ, ಆಹಾರದ ಪುಡಿ, ಮೂಗಿನ ಹಿಂದಿನಿಂದ ಇಳಿಯುವ ಸಿಂಬಳ ಎಲ್ಲ ಅಲ್ಲಿ ಕೂರುತ್ತವೆ. ಆ ಪದರದ ಅಡಿಯಲ್ಲಿ ಗಾಳಿ ತಾಗದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ಪ್ರೋಟೀನನ್ನು ಒಡೆಯುತ್ತವೆ. ಗಂಧಕವಿರುವ ಸಿಸ್ಟೀನ್, ಮೆಥಿಯೊನಿನ್ ಎಂಬ ಅಮೈನೊ ಆಮ್ಲಗಳು ಒಡೆದಾಗ ಹೈಡ್ರೋಜನ್ ಸಲ್ಫೈಡ್, ಮೀಥೈಲ್ ಮರ್ಕ್ಯಾಪ್ಟನ್ ಎಂಬ ಅನಿಲಗಳು ಹೊರಡುತ್ತವೆ. ಮೊದಲನೆಯದು ಕೊಳೆತ ಮೊಟ್ಟೆಯ ವಾಸನೆ, ಎರಡನೆಯದು ಕೊಳೆತ ಎಲೆಕೋಸಿನದು. ನೀವು ಹಲ್ಲನ್ನು ಎಷ್ಟು ಉಜ್ಜಿದರೂ ಬ್ರಷ್ ಆ ಜಾಗಕ್ಕೆ ಹೋಗಿಯೇ ಇಲ್ಲ.

ರಾತ್ರಿ ಹಲ್ಲುಜ್ಜಿದ ಮೇಲೆ ನಾಲಿಗೆ ಕೆರೆಯುವ ಪಟ್ಟಿ ತೆಗೆದುಕೊಳ್ಳಿ. ಸ್ಟೀಲಾಗಲಿ ಪ್ಲಾಸ್ಟಿಕ್ಕಾಗಲಿ, ಅಂಚು ಮೊಂಡಾಗಿರಬೇಕು. ಕನ್ನಡಿ ಮುಂದೆ ನಾಲಿಗೆ ಚಾಚಿ, ಓಕರಿಕೆ ಬರುವ ಜಾಗಕ್ಕೆ ಸ್ವಲ್ಪ ಮುಂದೆ ಪಟ್ಟಿ ಇಟ್ಟು ಹಗುರವಾಗಿ ಒತ್ತಿ ಮುಂದಕ್ಕೆ ಎಳೆಯಿರಿ. ತೊಳೆದು ಮತ್ತೆ ಎಳೆಯಿರಿ. ನಾಲ್ಕೈದು ಸಲ ಸಾಕು. ಓಕರಿಕೆ ಬಂದರೆ ಎಳೆಯುವ ಹೊತ್ತಿಗೆ ಉಸಿರು ಹೊರಬಿಡಿ; ದಿನ ಕಳೆದಂತೆ ಒಂದೊಂದು ಮಿಲಿಮೀಟರ್ ಹಿಂದೆ ಹೋಗಬಹುದು, ಅಭ್ಯಾಸವಾಗುತ್ತದೆ. ಆರೋಗ್ಯವಂತ ನಾಲಿಗೆಯ ಮೇಲೂ ತೆಳ್ಳಗೆ ಬಿಳಿ ಇದ್ದೇ ಇರುತ್ತದೆ. ಅದು ಕೆಂಪಾಗುವ ತನಕ ಉಜ್ಜಿ ರಕ್ತ ಬರಿಸಿಕೊಳ್ಳುವುದು ತಪ್ಪು, ಗಾಯವಾದ ಕಡೆ ಉರಿಯಷ್ಟೇ ಉಳಿಯುತ್ತದೆ. ಎರಡು ವಾರ ತಪ್ಪದೆ ಮಾಡಿ, ನಿಮ್ಮ ಪತ್ನಿಯನ್ನೇ ಕೇಳಿ. ಆಮೇಲೂ ಹಾಗೇ ಇದ್ದರೆ ವಸಡು ಪರೀಕ್ಷೆ ಮಾಡಿಸಿ. ಹುಳುಕಿಲ್ಲ ಎಂದರೆ ವಸಡೂ ಚೆನ್ನಾಗಿದೆ ಎಂದು ಅರ್ಥವಲ್ಲ.

ಪ್ರಶ್ನೆ: ನನ್ನ ಬಾಯಿ ವಾಸನೆ ಬರುತ್ತದೋ ಇಲ್ಲವೋ ನನಗೇ ತಿಳಿಯುವುದು ಹೇಗೆ? ಅಂಗೈಗೆ ಊದಿ ಮೂಸಿದರೆ ಏನೂ ಗೊತ್ತಾಗುವುದಿಲ್ಲ.

ಉತ್ತರ: ಗೊತ್ತಾಗದಿರುವುದು ಸಹಜ. ಸದಾ ಇರುವ ವಾಸನೆಗೆ ಮೂಗು ಒಗ್ಗಿಹೋಗುತ್ತದೆ. ಅಲ್ಲದೆ, ಊದಿದ ಗಾಳಿ ಅಂಗೈಯಲ್ಲಿ ಚದುರುತ್ತದೆ, ಕೈಗೆ ಹಚ್ಚಿದ ಸೋಪಿನ ವಾಸನೆಯೂ ಸೇರುತ್ತದೆ.

ಇದಕ್ಕಿಂತ ನಂಬಬಹುದಾದ ಎರಡು ದಾರಿಗಳಿವೆ. ಚಮಚವನ್ನು ಬೋರಲು ಹಿಡಿದು ನಾಲಿಗೆಯ ಹಿಂಭಾಗವನ್ನು ಮೆಲ್ಲಗೆ ಕೆರೆದು, ಐದಾರು ಸೆಕೆಂಡ್ ಬಿಟ್ಟು ಮೂಸಿ ನೋಡಿ. ಬಂದದ್ದರ ಬಣ್ಣವನ್ನೂ ಗಮನಿಸಿ. ಹಳದಿ, ಕಂದು ಇದ್ದರೆ ಅಲ್ಲಿ ಬಹಳ ದಿನದ ಪದರ ಇದೆ. ಎರಡನೆಯದು ಫ್ಲಾಸ್ ದಾರ. ಹಿಂದಿನ ದವಡೆ ಹಲ್ಲುಗಳ ಸಂದಿಗಳಲ್ಲಿ ಒಂದೊಂದಾಗಿ ಎಳೆದು, ಪ್ರತಿ ಸಲವೂ ದಾರ ಮೂಸಿ. ಎಲ್ಲ ಕಡೆಯೂ ವಾಸನೆಯಿದ್ದರೆ ಒಟ್ಟು ಸ್ವಚ್ಛತೆಯ ವಿಷಯ. ಒಂದೇ ಸಂದಿಯಲ್ಲಿ ಗಬ್ಬೆಂದರೆ ಅಲ್ಲೇ ಏನೋ ಇದೆ: ಅಂಚು ಬಿಟ್ಟ ಹಳೆಯ ಕ್ಯಾಪ್, ಆಹಾರ ಸಿಕ್ಕಿಕೊಳ್ಳುವ ಸಂದು, ಹೊರಗೆ ಕಾಣದ ಹುಳುಕು. ಯಾವ ಸಂದಿ ಎಂದು ಬರೆದಿಟ್ಟುಕೊಂಡು ದಂತವೈದ್ಯರಿಗೆ ಹೇಳಿದರೆ ಅವರ ಹುಡುಕಾಟ ಹಗುರಾಗುತ್ತದೆ. ಮಣಿಕಟ್ಟು ನೆಕ್ಕಿ ಒಣಗಿಸಿ ಮೂಸುವ ವಿಧಾನವನ್ನೂ ಹಲವರು ಹೇಳುತ್ತಾರೆ. ಅದು ನಾಲಿಗೆಯ ತುದಿಯ ಪರೀಕ್ಷೆ, ತುದಿಯಲ್ಲಿ ವಾಸನೆ ಹುಟ್ಟುವುದು ಕಡಿಮೆ.

ಇವೆರಡಕ್ಕಿಂತ ಮೇಲು, ನೀವು ನಂಬುವ ಇನ್ನೊಬ್ಬರ ಮೂಗು. ಚಿಕಿತ್ಸಾಲಯದಲ್ಲೂ ಇವತ್ತಿಗೂ ಮುಖ್ಯ ಪರೀಕ್ಷೆ ಇದೇ: ವೈದ್ಯರು ನೇರವಾಗಿ ಮೂಸಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ, ಗಂಧಕದ ಅನಿಲ ಅಳೆಯುವ ಯಂತ್ರ ಅದಕ್ಕೆ ಪೂರಕ. ಮನೆಯಲ್ಲಿ ಮಾಡುವಾಗ ಹಿಂದಿನ ಎರಡು ದಿನ ಬೆಳ್ಳುಳ್ಳಿ, ಈರುಳ್ಳಿ ಬೇಡ. ಆ ಬೆಳಿಗ್ಗೆ ಮೌತ್‌ವಾಶ್, ಸುಗಂಧ ದ್ರವ್ಯ ಬೇಡ. ಮೊದಲು ಮೂಗು ಹಿಡಿದು ಬಾಯಿಂದ ಉಸಿರು ಬಿಡಿ, ಆಮೇಲೆ ಬಾಯಿ ಮುಚ್ಚಿ ಮೂಗಿನಿಂದ ಬಿಡಿ. ಬಾಯಿಂದ ಮಾತ್ರ ಬಂದರೆ ಮೂಲ ಬಾಯಿ ಅಥವಾ ಗಂಟಲು. ಮೂಗಿನಿಂದ ಮಾತ್ರ ಬಂದರೆ ಮೂಗು, ಸೈನಸ್. ಎರಡರಿಂದಲೂ ಒಂದೇ ಥರ ಬಂದರೆ ಶ್ವಾಸಕೋಶದ ಕಡೆಯಿಂದಲೋ ರಕ್ತದಿಂದಲೋ ಬರುತ್ತಿರಬಹುದು. ಆಗ ವೈದ್ಯರಿಗೆ ತೋರಿಸಿ. ಬೇರೆ ಬೇರೆ ದಿನ ಎರಡು ಮೂರು ಸಲ ಮಾಡಿ ನೋಡಿ, ಒಂದು ದಿನದ ಫಲಿತಾಂಶ ನಂಬಬೇಡಿ.

ಪ್ರಶ್ನೆ: ಉಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ, ಬೆಳಿಗ್ಗೆ ಬಾಯಿ ಕೆಟ್ಟ ವಾಸನೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಅಕ್ಕ ಹೇಳಿದಳು. ರಕ್ತ ಬರುವ ಕಡೆ ಉಜ್ಜುವುದನ್ನು ಬಿಟ್ಟಿದ್ದೇನೆ.

ಉತ್ತರ: ಅಮ್ಮಾ, ದಯವಿಟ್ಟು ಇವತ್ತಿನಿಂದಲೇ ಅಲ್ಲಿ ಉಜ್ಜಲು ಶುರು ಮಾಡಿ. ವಸಡಿನ ಅಂಚಿನಲ್ಲಿ ಪಾಚಿ ನಿಂತಿದ್ದಕ್ಕೇ ವಸಡು ಊದಿ ರಕ್ತ ಬರುತ್ತಿದೆ. ನೀವು ಬ್ರಷ್ ತಾಗಿಸದೆ ಬಿಟ್ಟರೆ ಪಾಚಿ ಇನ್ನೂ ದಪ್ಪವಾಗುತ್ತದೆ, ರಕ್ತ ಇನ್ನೂ ಹೆಚ್ಚುತ್ತದೆ. ಬರೀ ಮೇಲಿನ ಊತವಾಗಿದ್ದರೆ ಸರಿಯಾಗಿ ಉಜ್ಜಲು ಶುರು ಮಾಡಿದ ಒಂದೆರಡು ವಾರದಲ್ಲಿ ರಕ್ತ ತಾನೇ ಕಡಿಮೆಯಾಗುತ್ತದೆ.

ಮೆದು ಬ್ರಷ್ಷನ್ನು ಹಲ್ಲು ಮತ್ತು ವಸಡು ಸೇರುವ ಗೆರೆಗೆ 45 ಡಿಗ್ರಿ ಓರೆಯಾಗಿ ಇಡಿ. ಎಳೆಗಳ ತುದಿ ವಸಡಿನಂಚಿಗೆ ತಾಗಿರಲಿ. ಇದ್ದಲ್ಲೇ ಸಣ್ಣ ಸಣ್ಣದಾಗಿ ಅಲುಗಿಸಿ, ಎರಡು ಮೂರು ಹಲ್ಲಿಗೊಮ್ಮೆ ಜಾಗ ಬದಲಿಸಿ. ಒಟ್ಟು ಎರಡು ನಿಮಿಷ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನ ಹಾಗೆ ಹಿಡಿದರೆ ಒತ್ತಡ ತಾನಾಗಿ ಕಡಿಮೆಯಾಗುತ್ತದೆ. ಜೋರಾಗಿ ಅಡ್ಡಡ್ಡ ಉಜ್ಜಿದರೆ ವಸಡು ಕೆಳಗಿಳಿದು ಬೇರು ಕಾಣುತ್ತದೆ, ವಸಡಿನಂಚಿನ ಪಾಚಿ ಮಾತ್ರ ಅಲ್ಲೇ ಉಳಿಯುತ್ತದೆ. ಹೆಚ್ಚಿನವರು ಬಿಡುವ ಜಾಗ ಕೆಳಸಾಲಿನ ಹಲ್ಲುಗಳ ಒಳಮೈ, ನಾಲಿಗೆಯ ಕಡೆಯದು. ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಉಜ್ಜಿದ ಮೇಲೆ ನೊರೆ ಉಗುಳಿ, ನೀರು ಹಾಕಿ ಮುಕ್ಕಳಿಸಬೇಡಿ. ಫ್ಲೋರೈಡ್ ಹಲ್ಲಿನ ಮೇಲೆ ನಿಲ್ಲಲಿ. ಬ್ರಷ್ ಹೋಗದ ಸಂದಿಗೆ ದಿನಕ್ಕೊಮ್ಮೆ ಫ್ಲಾಸ್, ಸುಮಾರು 45 ಸೆಂಟಿಮೀಟರ್ ದಾರ. ಸಂದು ಅಗಲವಿದ್ದರೆ ಸಣ್ಣ ಸಂದಿ ಬ್ರಷ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ತುರುಕಿ ನೂಕುವ ಅಳತೆ ಬೇಡ, ತುಸು ಬಿಗಿಯಾಗಿ ಹೋದರೆ ಸಾಕು.

ಇನ್ನು ಸಡಿಲದ ಮಾತು. ಪಾಚಿ ಗಟ್ಟಿಯಾಗಿ ಕಿಟ್ಟವಾದರೆ ಬ್ರಷ್ಷಿಗೆ ಬರುವುದಿಲ್ಲ, ಅದನ್ನು ಸ್ಕೇಲಿಂಗ್ (ನೀವು ಹೇಳಿದ ಕ್ಲೀನಿಂಗ್) ಮಾಡಿಯೇ ತೆಗೆಯಬೇಕು. ಎಷ್ಟೋ ಬಾಯಿಗಳಲ್ಲಿ ಹಲ್ಲನ್ನು ಹಿಡಿದಿರುವ ಎಲುಬು ಆಗಲೇ ಕರಗಿ ಹಲ್ಲು ಅಲುಗಾಡುತ್ತಿರುತ್ತದೆ. ಕಿಟ್ಟ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವುದರಿಂದ ಅದು ಗೊತ್ತಾಗುವುದಿಲ್ಲ. ಕಿಟ್ಟ ತೆಗೆದ ದಿನ ಸಂದು ಕಾಣುತ್ತದೆ, ಅಲುಗಾಟ ತಿಳಿಯುತ್ತದೆ, ತಣ್ಣೀರಿಗೆ ಹಲ್ಲು ಜುಮ್ಮೆನ್ನುತ್ತದೆ. ದೂರು ಸ್ಕೇಲಿಂಗ್ ಮೇಲೆ ಬೀಳುತ್ತದೆ. ಕಿಟ್ಟ ಅಲ್ಲೇ ಇದ್ದರೆ ಎಲುಬು ಇನ್ನೂ ಕರಗುತ್ತದೆ, ಕೊನೆಗೆ ಹಲ್ಲೇ ಹೋಗುತ್ತದೆ.

ದಂತವೈದ್ಯರ ಬಳಿ ವಸಡಿನ ಆಳ ಅಳೆಯಲು ಕೇಳಿ. ಮಿಲಿಮೀಟರ್ ಗುರುತಿರುವ ಮೊಂಡು ಕಡ್ಡಿಯನ್ನು ಹಲ್ಲಿನ ಸುತ್ತ ಇಳಿಸಿ ನೋಡುತ್ತಾರೆ. 1ರಿಂದ 3 ಮಿಲಿಮೀಟರ್ ಸರಿ. 4 ಅಥವಾ ಹೆಚ್ಚಿದ್ದರೆ ಅಲ್ಲೊಂದು ಜೇಬು ಆಗಿದೆ. ಬ್ರಷ್ಷಿನ ಎಳೆ ಅದರ ತಳ ಮುಟ್ಟುವುದಿಲ್ಲ. ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾಗಳಿಗೆ ಅಷ್ಟು ಆಸರೆ ಸಾಕು. ಅಂಥ ಜೇಬುಗಳನ್ನು ಬೇರಿನ ತನಕ ಕೆರೆದು ಸ್ವಚ್ಛ ಮಾಡಿ, ಕೆಲವು ವಾರ ಬಿಟ್ಟು ಮತ್ತೆ ಅಳೆಯುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ: ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಗುಣವಾಗಲು ತಡವಾಗುತ್ತದೆ. ಈ ಪತ್ರ ಓದುತ್ತಿರುವ ಧೂಮಪಾನಿಗಳಿಗೆ ಒಂದು ಮಾತು. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುವುದರಿಂದ ನಿಮ್ಮ ವಸಡು ರೋಗವಿದ್ದರೂ ಅಷ್ಟಾಗಿ ರಕ್ತ ಸುರಿಸುವುದಿಲ್ಲ. ರಕ್ತ ಬರುತ್ತಿಲ್ಲವೆಂದು ನಿಶ್ಚಿಂತೆಯಿಂದ ಇರಬೇಡಿ.

ಪ್ರಶ್ನೆ: ನರದ ನೋವಿಗೆ ಅಮಿಟ್ರಿಪ್ಟಿಲಿನ್, ಅಲರ್ಜಿಗೆ ಒಂದು ಮಾತ್ರೆ ತೆಗೆದುಕೊಳ್ಳುತ್ತೇನೆ. ಬಾಯಿ ಒಣಗಿ ನಾಲಿಗೆ ಅಂಟುತ್ತದೆ. ವಾಸನೆ ಶುರುವಾದದ್ದೂ ಆಗಿನಿಂದಲೇ.

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಹರಿದು ಬಾಯನ್ನು ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಅದು ಹೆಚ್ಚುಕಡಿಮೆ ನಿಂತೇಹೋಗುತ್ತದೆ, ಅದಕ್ಕೇ ಎಲ್ಲರಿಗೂ ಬೆಳಿಗ್ಗೆ ಎದ್ದಾಗ ವಾಸನೆ ಇರುತ್ತದೆ. ನಿಮ್ಮಲ್ಲಿ ಔಷಧಿಯಿಂದಾಗಿ ಹಗಲೂ ರಾತ್ರಿಯಂತೆಯೇ ಆಗಿದೆ. ಅಮಿಟ್ರಿಪ್ಟಿಲಿನ್, ಅಲರ್ಜಿಯ ಹಲವು ಮಾತ್ರೆಗಳು, ಮೂತ್ರಚೀಲದ ಸೆಳೆತಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಗಳು ಬಾಯಿ ಒಣಗಿಸುತ್ತವೆ. ಎರಡು ಸೇರಿದರೆ ಇನ್ನಷ್ಟು.

ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರ ಹತ್ತಿರ ಪ್ರಮಾಣ ತಗ್ಗಿಸಬಹುದೇ, ಅಲರ್ಜಿಗೆ ಬಾಯಿ ಕಡಿಮೆ ಒಣಗಿಸುವ ಬೇರೆ ಮಾತ್ರೆ ಇದೆಯೇ ಎಂದು ಕೇಳಿ. ಆ ತನಕ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ. ಊಟವಾದ ಮೇಲೆ ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಹತ್ತು-ಇಪ್ಪತ್ತು ನಿಮಿಷ ಜಗಿಯಿರಿ. ಮದ್ಯಸಾರವಿರುವ ಮೌತ್‌ವಾಶ್ ಬಿಡಿ. ಬಾಯಿ ಒದ್ದೆ ಮಾಡಿಕೊಳ್ಳಲು ಸಿಹಿ ಪೆಪ್ಪರ್‌ಮೆಂಟ್ ಚೀಪುವ ಅಭ್ಯಾಸವಿದ್ದರೆ ಈಗಲೇ ನಿಲ್ಲಿಸಿ. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಕೆಲವೇ ತಿಂಗಳಲ್ಲಿ ವಸಡಿನಂಚಿನ ಸುತ್ತ ಹುಳುಕಾಗುತ್ತದೆ. ಕಣ್ಣೂ ಮರಳು ಬಿದ್ದಂತೆ ಒಣಗಿ ಉರಿಯುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಜೊಲ್ಲು, ಕಣ್ಣೀರು ಎರಡನ್ನೂ ಬತ್ತಿಸುವ ಶೋಗ್ರೆನ್ ಎಂಬ ಕಾಯಿಲೆಯನ್ನು ನೋಡಬೇಕಾಗುತ್ತದೆ.

ಪ್ರಶ್ನೆ: ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಒಂದು ವರ್ಷದಿಂದ ಬಳಸುತ್ತಿದ್ದೇನೆ. ಹಲ್ಲು ಕಂದಾಗಿದೆ, ರುಚಿ ಸರಿಯಾಗಿ ತಿಳಿಯುತ್ತಿಲ್ಲ.

ಉತ್ತರ: ಎರಡೂ ಅದರದೇ ಅಡ್ಡ ಪರಿಣಾಮ. ವಸಡಿನ ಚಿಕಿತ್ಸೆಯ ಆಸುಪಾಸಿನಲ್ಲಿ ಎರಡರಿಂದ ನಾಲ್ಕು ವಾರಕ್ಕೆಂದು ಕೊಡುವ ಔಷಧಿ ಅದು, ವರ್ಷಗಟ್ಟಲೆ ಬಳಸುವುದಲ್ಲ. ನಿಲ್ಲಿಸಿದರೆ ರುಚಿ ಸಾಮಾನ್ಯವಾಗಿ ಮರಳುತ್ತದೆ. ಕಲೆಯನ್ನು ದಂತವೈದ್ಯರು ಪಾಲಿಶ್ ಮಾಡಿ ತೆಗೆಯುತ್ತಾರೆ. ಮುಂದೆ ಎಂದಾದರೂ ಬರೆದುಕೊಟ್ಟರೆ 0.2 ಶೇಕಡಾದ್ದು 10 ಮಿಲಿಲೀಟರ್, ಒಂದು ನಿಮಿಷ, ದಿನಕ್ಕೆರಡು ಸಲ. ಹಲ್ಲುಜ್ಜಿದ ಕೂಡಲೇ ಬೇಡ: ಪೇಸ್ಟಿನ ನೊರೆಕಾರಕ ಅದರ ಶಕ್ತಿ ಕುಂದಿಸುತ್ತದೆ, ಕನಿಷ್ಠ ಅರ್ಧ ಗಂಟೆ ಅಂತರವಿರಲಿ. ದಿನಬಳಕೆಗೆ ಏನಾದರೂ ಬೇಕೇ ಬೇಕೆಂದರೆ ಸತು ಇರುವ, ಮದ್ಯಸಾರವಿಲ್ಲದ ಮೌತ್‌ವಾಶ್ ನೋಡಿ. ಸತು ಗಂಧಕದ ಅನಿಲಗಳನ್ನು ಹಿಡಿದು ವಾಸನೆಯಿಲ್ಲದ ರೂಪಕ್ಕೆ ತರುತ್ತದೆ. ಆದರೆ ಒಂದು ವರ್ಷ ಮೌತ್‌ವಾಶ್ ಬಿಡಲಾಗದಷ್ಟು ವಾಸನೆ ಏಕಿತ್ತು ಎಂಬುದನ್ನು ಯಾರೂ ನೋಡಿಲ್ಲ ಅನ್ನಿಸುತ್ತದೆ. ವಸಡಿನ ರಕ್ತದ ಪ್ರಶ್ನೆಗೆ ಮೇಲೆ ಹೇಳಿದ ಹಾಗೆ ವಸಡಿನ ಆಳ ಅಳೆಸಿ.

ಪ್ರಶ್ನೆ: ಕೆಮ್ಮಿದಾಗ ಅಕ್ಕಿ ನುಚ್ಚಿನಂಥ ಬಿಳಿ ಚೂರು ಬರುತ್ತದೆ. ಹಿಸುಕಿದರೆ ಸಹಿಸಲಾಗದ ವಾಸನೆ. ಕ್ಯಾನ್ಸರ್ ಇರಬಹುದೇ?

ಉತ್ತರ: ನೀವು ಹೇಳುತ್ತಿರುವುದು ಟಾನ್ಸಿಲ್ ಕಲ್ಲು. ಗಂಟಲಿನ ಇಕ್ಕೆಲದ ಟಾನ್ಸಿಲ್‌ಗಳಲ್ಲಿ ಸಣ್ಣ ಗುಳಿಗಳಿವೆ, ಅಲ್ಲಿ ಉದುರಿದ ಕೋಶ, ಆಹಾರ, ಬ್ಯಾಕ್ಟೀರಿಯಾ ಸೇರಿ ಉಂಡೆಯಾಗುತ್ತವೆ. ಅಪಾಯಕಾರಿಯಲ್ಲ. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟದ ನಂತರ ತಲೆ ಹಿಂದಕ್ಕೆ ಮಾಡಿ ಗಂಟಲಿನಲ್ಲಿ ಗಳಗಳ ಎನ್ನಿಸಿ. ಪಿನ್ನು, ಹಲ್ಲುಕಡ್ಡಿ ಹಾಕಿ ಕೆದಕಬೇಡಿ. ಟಾನ್ಸಿಲ್ ಬೇಗ ರಕ್ತ ಸುರಿಸುತ್ತದೆ. ಒಂದೇ ಕಡೆಯ ಟಾನ್ಸಿಲ್ ದೊಡ್ಡದಾಗಿದ್ದರೆ, ರಕ್ತ ಬಂದರೆ, ನುಂಗಲು ಕಷ್ಟವಾದರೆ, ಮೂರು ವಾರಕ್ಕೂ ಹೋಗದ ಹುಣ್ಣಿದ್ದರೆ ತಡಮಾಡದೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.

ಪ್ರಶ್ನೆ: ನಾಲ್ಕು ವರ್ಷದ ಮಗ. ಹಲ್ಲು ಚೆನ್ನಾಗಿದೆ. ಹತ್ತು ದಿನದಿಂದ ಉಸಿರು ಗಬ್ಬು, ಬಲ ಮೂಗಿನಲ್ಲಿ ಮಾತ್ರ ಹಳದಿ ಸಿಂಬಳ.

ಉತ್ತರ: ಒಂದೇ ಹೊಳ್ಳೆಯಲ್ಲಿ ನಾರುವ ಸಿಂಬಳ ಬಂದರೆ ಮಗು ಏನನ್ನೋ ಮೂಗಿಗೆ ತುರುಕಿಕೊಂಡಿದೆ ಎಂದೇ ಮೊದಲು ತಿಳಿಯಬೇಕು: ಮಣಿ, ಸ್ಪಂಜಿನ ಚೂರು, ಕಾಳು. ಇವತ್ತೇ ತೋರಿಸಿ. ಇಕ್ಕಳ, ಬಡ್ಸ್ ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ, ನೀವು ಕೈ ಹಾಕಬೇಡಿ. ಆಟಿಕೆ, ರಿಮೋಟಿನ ಗುಂಡನೆಯ ಬಟನ್ ಬ್ಯಾಟರಿ ಆಗಿರಬಹುದೆಂಬ ಸಣ್ಣ ಅನುಮಾನವಿದ್ದರೂ ತುರ್ತು ಚಿಕಿತ್ಸೆಗೆ ಓಡಿ. ಅದು ಕೆಲವೇ ಗಂಟೆಗಳಲ್ಲಿ ಮೂಗಿನ ಗೋಡೆಯನ್ನು ಸುಡುತ್ತದೆ.

ಪ್ರಶ್ನೆ: ಅಮ್ಮ ಪೂರ್ತಿ ಕಟ್ಟು ಹಲ್ಲಿನ ಸೆಟ್ ಹಾಕುತ್ತಾರೆ, ಪೇಸ್ಟ್ ಹಾಕಿ ಉಜ್ಜುತ್ತಾರೆ. ಒಂದು ಹಲ್ಲೂ ಇಲ್ಲದ ಬಾಯಿಗೆ ವಾಸನೆ ಹೇಗೆ?

ಉತ್ತರ: ಸೆಟ್ಟಿನ ಅಕ್ರಿಲಿಕ್‌ನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಬ್ಯಾಕ್ಟೀರಿಯಾ, ಶಿಲೀಂಧ್ರ ಅಲ್ಲಿ ಮನೆ ಮಾಡುತ್ತವೆ. ಪೇಸ್ಟ್ ಅದರ ಮೈಯನ್ನು ಗೀಚಿ ಇನ್ನಷ್ಟು ಜಾಗ ಮಾಡಿಕೊಡುತ್ತದೆ. ಮೆದು ಬ್ರಷ್, ಕೈ ತೊಳೆಯುವ ದ್ರವ ಸೋಪು ಸಾಕು. ತೊಳೆಯುವಾಗ ಕೆಳಗೆ ನೀರು ತುಂಬಿದ ಬೇಸಿನ್ ಇರಲಿ, ಜಾರಿದರೂ ಒಡೆಯುವುದಿಲ್ಲ. ಬಿಸಿನೀರು ಬೇಡ, ಆಕಾರ ಸೊಟ್ಟಗಾಗುತ್ತದೆ. ರಾತ್ರಿ ತೆಗೆದು ನೀರಿನಲ್ಲಿ ಇಡಲೇಬೇಕು; ಹಾಕಿಕೊಂಡೇ ಮಲಗುವುದು ಅಮ್ಮನ ಅಭ್ಯಾಸವಾಗಿದ್ದರೆ ವಾಸನೆಗೆ ಅದೇ ಮೊದಲ ಕಾರಣ. ಸೆಟ್ ತೆಗೆದ ಮೇಲೆ ವಸಡು, ಅಂಗುಳ, ನಾಲಿಗೆಯನ್ನೂ ಮೆದು ಬ್ರಷ್ಷಿನಿಂದ ಒರೆಸಲಿ. ಅಂಗುಳ ಸೆಟ್ಟಿನ ಆಕಾರದಲ್ಲೇ ಕೆಂಪಾಗಿದ್ದರೆ ಶಿಲೀಂಧ್ರದ ಸೋಂಕು, ಅದಕ್ಕೆ ಔಷಧಿ ಬೇಕು.

ಪ್ರಶ್ನೆ: ಸಕ್ಕರೆ ಕಾಯಿಲೆ ಇದೆ. ಉಸಿರು ಉಗುರುಬಣ್ಣ ಒರೆಸುವ ದ್ರವದ ಹಾಗೆ ಬರುತ್ತಿದೆ ಎಂದು ಮಗಳು ಹೇಳಿದಳು.

ಉತ್ತರ: ಆ ವಾಸನೆ ಅಸಿಟೋನಿನದು. ಅನ್ನ-ಸಿಹಿ ಬಿಟ್ಟು ಪಥ್ಯ ಮಾಡುವವರಲ್ಲಿ, ಉಪವಾಸವಿದ್ದವರಲ್ಲಿ ದೇಹ ಕೊಬ್ಬನ್ನು ಉರಿಸುವಾಗಲೂ ಇದು ಬರುತ್ತದೆ, ಅವರಿಗೆ ಭಯವಿಲ್ಲ. ಸಕ್ಕರೆ ಕಾಯಿಲೆಯವರಿಗೆ ಹಾಗಲ್ಲ. ಇನ್ಸುಲಿನ್ ಸಾಲದೆ ರಕ್ತ ಆಮ್ಲೀಯವಾಗುತ್ತಿರುವ ಸೂಚನೆ ಇರಬಹುದು. ಜೊತೆಗೆ ವಾಂತಿ, ಹೊಟ್ಟೆನೋವು, ಅತಿ ಬಾಯಾರಿಕೆ, ಆಳವಾದ ವೇಗದ ಉಸಿರಾಟ, ಮಂಕು ಇದ್ದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ. ಇಲ್ಲದಿದ್ದರೂ ಇವತ್ತೇ ರಕ್ತದ ಸಕ್ಕರೆಯ ಜೊತೆ ಕೀಟೋನ್ (ಕೊಬ್ಬು ಉರಿದಾಗ ಹುಟ್ಟುವ ವಸ್ತು) ನೋಡಿಸಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಹೆಚ್ಚು ಏರದೆಯೂ ಹೀಗಾಗಬಹುದು, ಆದ್ದರಿಂದ ಸಕ್ಕರೆಯ ಅಂಕಿ ಒಂದನ್ನೇ ನಂಬಬೇಡಿ.

ಪ್ರಶ್ನೆ: ಬೆಳ್ಳುಳ್ಳಿ ತಿಂದ ಮೇಲೆ ಎಷ್ಟು ಉಜ್ಜಿದರೂ ಮರುದಿನವೂ ವಾಸನೆ ಏಕೆ?

ಉತ್ತರ: ಬೆಳ್ಳುಳ್ಳಿಯಿಂದ ಬರುವ ಆಲೈಲ್ ಮೀಥೈಲ್ ಸಲ್ಫೈಡ್ ಕರುಳಿನಿಂದ ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಹೊರಬರುತ್ತದೆ. ಬ್ರಷ್ಷಿಗೆ ಅದು ಸಿಗುವುದಿಲ್ಲ. ಊಟದ ಜೊತೆಯಲ್ಲೇ ಕೆನೆ ತೆಗೆಯದ ಹಾಲು ಕುಡಿದರೆ, ಹಸಿ ಸೇಬು ಅಥವಾ ಪುದೀನ ಎಲೆ ಜಗಿದರೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಪ್ರಶ್ನೆ: ಮೂವರು ದಂತವೈದ್ಯರು ವಾಸನೆಯೇ ಇಲ್ಲ ಎಂದರು. ಆದರೆ ನಾನು ಹತ್ತಿರ ಹೋದರೆ ಜನ ಮೂಗು ಮುಟ್ಟಿಕೊಳ್ಳುತ್ತಾರೆ, ಕಿಟಕಿ ತೆರೆಯುತ್ತಾರೆ. ಎರಡು ವರ್ಷದಿಂದ ಯಾವ ಸಮಾರಂಭಕ್ಕೂ ಹೋಗಿಲ್ಲ. ಹಲ್ಲು ಕೀಳಿಸಿಬಿಡಲೇ?

ಉತ್ತರ: ದಯವಿಟ್ಟು ಒಂದು ಹಲ್ಲನ್ನೂ ಕೀಳಿಸಬೇಡಿ. ನೀವು ಅನುಭವಿಸುತ್ತಿರುವ ಸಂಕಟ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಜನ ಮೂಗು ಮುಟ್ಟಿಕೊಳ್ಳುವುದು ದಿನಕ್ಕೆ ಎಷ್ಟೋ ಸಲ, ನೂರು ಕಾರಣಕ್ಕೆ. ವಾಸನೆಯ ಭಯ ಹೊಕ್ಕ ಮನಸ್ಸು ಪ್ರತಿಯೊಂದನ್ನೂ ತನಗೇ ಹಚ್ಚಿಕೊಳ್ಳುತ್ತದೆ. ಇದು ವೈದ್ಯಲೋಕಕ್ಕೆ ಗೊತ್ತಿರುವ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಇದಕ್ಕೆ ತನ್ನದೇ ಹೆಸರಿದೆ.

ಇನ್ನೊಮ್ಮೆ, ಕೊನೆಯ ಸಲ, ಸರಿಯಾದ ಪರೀಕ್ಷೆ ಮಾಡಿಸಿ: ಬೇರೆ ಬೇರೆ ಮೂರು ದಿನ, ಬೆಳಿಗ್ಗೆ ಏನೂ ತಿನ್ನದೆ, ಉಜ್ಜದೆ ಹೋಗಿ, ವೈದ್ಯರು ಮೂಸಿ ಕೊಟ್ಟ ಅಂಕವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಮೂರೂ ದಿನ ಸೊನ್ನೆ ಅಥವಾ ಒಂದು ಬಂದರೆ ಆ ಕಾಗದ ಹಿಡಿದು ಮನೋವೈದ್ಯರ ಬಳಿ ಹೋಗಿ. ಮಾತಿನ ಚಿಕಿತ್ಸೆ, ಬೇಕಾದರೆ ಔಷಧಿ, ಎರಡರಿಂದಲೂ ಇದು ತಗ್ಗುತ್ತದೆ. ಮೊದಲ ಭೇಟಿಗೆ ನಿಮ್ಮನ್ನು ನಂಬುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಎರಡು ವರ್ಷದಲ್ಲಿ ಏನೇನು ಬಿಟ್ಟಿರಿ ಎಂಬುದನ್ನು ನಿಮಗಿಂತ ಅವರು ಸರಿಯಾಗಿ ಹೇಳಬಲ್ಲರು.